ಶತ್ರುವಿಲ್ಲದ ವಿಜಯ: ವೆಲಿಂಗ್ಟನ್ ಸ್ಮಾರಕದ ಒಂದು ಓದು

ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿರುವ ವೆಲಿಂಗ್ಟನ್ ಡ್ಯೂಕನ ಸ್ಮಾರಕವು ವಿಕ್ಟೋರಿಯಾ ಕಾಲದ ಇಂಗ್ಲಿಷ್ ಶಿಲ್ಪದ ಮಹತ್ವದ ಕೃತಿಗಳಲ್ಲೊಂದು. ಆದರೆ ಅದನ್ನು ಒಬ್ಬನೇ ಕರ್ತೃವಿನ, ಒಂದೇ ಕಾಲದ ಪಠ್ಯವೆಂದು ಓದಲಾಗದು. 1852ರಲ್ಲಿ ತೀರಿಕೊಂಡ ಡ್ಯೂಕನ ದೇಹವಿರುವುದು ಅದೇ ಚರ್ಚಿನ ನೆಲಮಾಳಿಗೆಯಲ್ಲಿ. ಮೇಲಿನ ಸ್ಮಾರಕ ಸಮಾಧಿಯ ರೂಪ ತಾಳಿದೆಯೇ ಹೊರತು ಸಮಾಧಿಯಲ್ಲ.

ಸ್ಮಾರಕದ ವಿನ್ಯಾಸಕ್ಕಾಗಿ ನಡೆದ ಸ್ಪರ್ಧೆಯ ಮಾದರಿಗಳು 1857ರಲ್ಲಿ ಪ್ರದರ್ಶನಗೊಂಡವು. ಆಲ್ಫ್ರೆಡ್ ಸ್ಟೀವನ್ಸನಿಗೆ ಮೊದಲ ಬಹುಮಾನ ಬರಲಿಲ್ಲ. ಆದರೂ ಮರುವರ್ಷ ಕೆಲಸ ಅವನ ಪಾಲಿಗೆ ಬಂದಿತು. ಮುಂದಿನ ಹದಿನೇಳು ವರ್ಷ ಅವನನ್ನು ಅದು ಬಿಡಲಿಲ್ಲ. 1875ರಲ್ಲಿ ಅವನು ಮರಣಹೊಂದಿದಾಗ ಕೃತಿ ಅಪೂರ್ಣವಾಗಿತ್ತು. ಶಿಷ್ಯ ಹ್ಯೂ ಸ್ಟ್ಯಾನಸ್‌ನ ಮೇಲ್ವಿಚಾರಣೆಯಲ್ಲಿ ಪೂರ್ಣಗೊಂಡು 1878ರಲ್ಲಿ ಅದು ಪಕ್ಕದ ಕಿರಿದಾದ ಪ್ರಾರ್ಥನಾಕೋಣೆಯೊಂದನ್ನು ಸೇರಿತು. ಇಂದಿನ ಕಮಾನಿನಡಿಗೆ ಬಂದದ್ದು 1890ರ ದಶಕದಲ್ಲಿ.

ಸ್ಟೀವನ್ಸನ ಕಲ್ಪನೆಯಲ್ಲಿ ಎರಡು ವೆಲಿಂಗ್ಟನ್‌ಗಳಿದ್ದರು: ಅಮೃತಶಿಲೆಯ ಕಂಬಗಳ ನಡುವೆ ಮಲಗಿದ ಕಂಚಿನ ಮೃತದೇಹ, ನೆತ್ತಿಯ ಮೇಲೆ ಕುದುರೆಯೇರಿದ ಯೋಧ. ಚರ್ಚಿನೊಳಗೆ ಕುದುರೆಯೇ ಎಂದು ಡೀನ್ ಮಿಲ್ಮನ್ ಆಕ್ಷೇಪಿಸಿದನು. ಸ್ಟೀವನ್ಸನ ಮಾದರಿಯನ್ನು ಅನುಸರಿಸಿ ಜಾನ್ ಟ್ವೀಡ್ ಸಿದ್ಧಗೊಳಿಸಿದ ಅಶ್ವಾರೂಢ ಪ್ರತಿಮೆ ಅಲ್ಲಿ ನಿಂತದ್ದು 1912ರಲ್ಲಿ. ಅಂದರೆ ಮೂವತ್ತನಾಲ್ಕು ವರ್ಷ ನೋಡುಗರಿಗೆ ಕಂಡದ್ದು ಮರಣದ ಸ್ಮಾರಕ. ಆಮೇಲೆ ಅದೇ ಕೃತಿ ವಿಜಯದ ಸ್ಮಾರಕವಾಯಿತು. ಡೀನನ ಆಕ್ಷೇಪವನ್ನು ಮಡಿವಂತಿಕೆಯೆಂದು ತಳ್ಳಿಹಾಕುವುದು ಸುಲಭ. ಆರಾಧನೆಯ ಸ್ಥಳದಲ್ಲಿ ಏನನ್ನು ಸ್ಮರಿಸಬೇಕು, ಸಾವನ್ನೋ ಗೆಲುವನ್ನೋ ಎಂಬ ನಿಜವಾದ ಪ್ರಶ್ನೆ ಅದರೊಳಗಿತ್ತು.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವಂಥವು ಮಧ್ಯದ ಎರಡು ಕಂಚಿನ ಶಿಲ್ಪಗುಚ್ಛಗಳು. ಒಂದರಲ್ಲಿ ಸತ್ಯವು ಅಸತ್ಯದ ನಾಲಗೆಯನ್ನು ಕೀಳುತ್ತಿದೆ. ಇನ್ನೊಂದರಲ್ಲಿ ಶೌರ್ಯವು ಹೇಡಿತನವನ್ನು ಅಡಿಗೊತ್ತಿದೆ. ದೇಹಗಳ ಬಿಗಿ, ತಿರುವುಗಳಲ್ಲಿ ಮೈಕೆಲೆಂಜೆಲೊನ ಪ್ರಭಾವ ಸ್ಪಷ್ಟ. ಆದರೆ ಈ ಸಾಂಕೇತಿಕತೆ ಮಾಡುವ ಮುಖ್ಯ ಕೆಲಸ ಬೇರೆಯೇ: ಚರಿತ್ರೆಯನ್ನು ನೀತಿಯನ್ನಾಗಿ ಮಾರ್ಪಡಿಸುವುದು. ವೈರಿಗೆ ವ್ಯಕ್ತಿತ್ವವಿಲ್ಲ, ನಾಡಿಲ್ಲ. ಸೋತದ್ದು ಒಬ್ಬ ಮನುಷ್ಯನಲ್ಲ, ಒಂದು ದುರ್ಗುಣ. ಸೋತವನ ನಾಲಗೆಯನ್ನೇ ಕಿತ್ತ ಮೇಲೆ ಪ್ರತಿವಾದಕ್ಕೆ ಎಡೆಯೆಲ್ಲಿ?

ಕನ್ನಡದ ಓದುಗನಿಗೆ ಇದು ದೂರದ ಮಾತಲ್ಲ. ಡ್ಯೂಕ್ ಪದವಿಗೆ ಬಹುಮೊದಲು, 1799ರ ಮೇ 4ರಂದು ಟಿಪ್ಪು ಮಡಿದ ಬಳಿಕ, ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿ ಶ್ರೀರಂಗಪಟ್ಟಣದ ಅಧಿಕಾರ ವಹಿಸಿದ್ದವನು ಇವನೇ. 1800ರ ಸೆಪ್ಟೆಂಬರಿನಲ್ಲಿ ಧೋಂಡಿಯ ವಾಘ್ ಹತನಾದದ್ದು ಇವನ ಸೈನ್ಯದೊಂದಿಗಿನ ಕಾಳಗದಲ್ಲಿ. ಅಸತ್ಯ, ಹೇಡಿತನ ಎಂಬ ಹೆಸರುಗಳ ಹಿಂದೆ ಇಂಥವರೂ ಅಡಗಿದ್ದಾರೆಯೇ ಎಂಬುದಕ್ಕೆ ಶಿಲ್ಪ ಉತ್ತರಿಸುವುದಿಲ್ಲ. ಉತ್ತರಿಸಬೇಕಾಗದಂತೆಯೇ ಅದರ ರಚನೆಯಿದೆ.

ಆ ದಿನಗಳಲ್ಲಿ ಅವನು ವಾಸಿಸಿದ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮೇಲೆ, 1780ರ ಪೊಲ್ಲಿಲೂರು ಕದನದಲ್ಲಿ ಇಂಗ್ಲಿಷರು ಸೋತ ಚಿತ್ರವಿದೆ. ಹಾಳಾಗಿದ್ದ ಅದನ್ನು ವೆಲ್ಲೆಸ್ಲಿಯೇ ಸರಿಪಡಿಸಿದನೆಂದು ಹೇಳುತ್ತಾರೆ. ಆ ಚಿತ್ರದಲ್ಲಿ ಸೋತವನಿಗೂ ಮುಖವಿದೆ: ಸುತ್ತುವರಿದ ಸೈನ್ಯದ ನಡುವೆ, ಪಲ್ಲಕ್ಕಿಯಲ್ಲಿ, ಕರ್ನಲ್ ಬೈಲಿ.