ಗಾಢ ನಿದ್ದೆ: ತಯಾರಿ ಹಗಲಿನಲ್ಲೇ

ದೂರದ ಮದುವೆ ಮುಗಿಸಿ ನಡುರಾತ್ರಿ ಮನೆಗೆ ಬಂದಾಗ, ಕಾರಿನಲ್ಲೇ ನಿದ್ದೆಹೋದ ನಾಲ್ಕು ವರ್ಷದ ಮಗುವನ್ನು ಎತ್ತಿಕೊಂಡು ಬೀಗ ತೆಗೆದು, ದೀಪ ಹಾಕಿ, ಬಟ್ಟೆ ಬದಲಿಸಿ ಹಾಸಿಗೆಗೆ ಹಾಕಿದರೂ ಅದಕ್ಕೆ ಎಚ್ಚರವಾಗುವುದಿಲ್ಲ. ಒಳಕೋಣೆಯ ಅಜ್ಜಿ ಮಾತ್ರ ಬೀಗದ ಸದ್ದಿಗೇ ಎದ್ದು ಕೂತು, 'ಊಟ ಆಯ್ತಾ?' ಎಂದು ಕೇಳುತ್ತಾರೆ. ಮಗುವಿನದು ಗಾಢ ನಿದ್ದೆ, ಅಜ್ಜಿಯದು ಕೋಳಿನಿದ್ದೆ.

ಈ ಆಳವನ್ನು ಅಳೆಯುವ ಕ್ರಮ ಸ್ವಾರಸ್ಯಕರ. ನಿದ್ರಾ ಪ್ರಯೋಗಾಲಯದಲ್ಲಿ ತಲೆಗೆ ಎಲೆಕ್ಟ್ರೋಡ್‌ಗಳನ್ನು ಅಂಟಿಸಿ ಮಲಗಿಸುತ್ತಾರೆ. ರಾತ್ರಿಯಿಡೀ ದಾಖಲಾದ ಇಇಜಿಯನ್ನು, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ಗೆರೆಯನ್ನು, 30 ಸೆಕೆಂಡುಗಳ ಪುಟಗಳಾಗಿ ವಿಂಗಡಿಸಿ, ತಂತ್ರಜ್ಞರು ಒಂದೊಂದೇ ಪುಟ ನೋಡುತ್ತಾ ಹೋಗುತ್ತಾರೆ. ಎಚ್ಚರವಿದ್ದಾಗಿನ ಗೆರೆ ಸಣ್ಣ ಸಣ್ಣದಾಗಿ, ಒತ್ತೊತ್ತಾಗಿ ನಡುಗುತ್ತಿರುತ್ತದೆ. ಗಾಢ ನಿದ್ದೆಗೆ ಜಾರಿದೊಡನೆ ಸೆಕೆಂಡಿಗೆ ಒಂದೋ ಎರಡೋ ಎತ್ತರದ, ನಿಧಾನದ ಅಲೆಗಳು ಏಳುತ್ತವೆ. 75 ಮೈಕ್ರೋವೋಲ್ಟ್ ಮೀರಿದ ಇಂಥ ಅಲೆಗಳು ಪುಟದ ಐದನೇ ಒಂದು ಭಾಗದಲ್ಲಿ, ಅಂದರೆ 6 ಸೆಕೆಂಡುಗಳಷ್ಟು, ಇದ್ದರೆ ಆ ಪುಟಕ್ಕೆ 'ಎನ್3' ಎಂಬ ಗುರುತು ಬೀಳುತ್ತದೆ. ಮೆದುಳಿನ ಹೊರಪದರದ ಅಸಂಖ್ಯ ನರಕೋಶಗಳು ಒಟ್ಟಿಗೇ ಸುಮ್ಮನಾಗಿ, ಒಟ್ಟಿಗೇ ಮಿಡಿಯುವುದರಿಂದ ಈ ಅಲೆಗಳು ಏಳುತ್ತವೆ.

ರಾತ್ರಿಯ ಬೆಳವಣಿಗೆಯ ಹಾರ್ಮೋನಿನ ದೊಡ್ಡ ಪಾಲು ರಕ್ತಕ್ಕೆ ಸೇರುವುದು ಈ ಹೊತ್ತಿನಲ್ಲೇ. ಹಗಲು ಕಲಿತದ್ದು ನೆನಪಿನಲ್ಲಿ ಊರುವುದಕ್ಕೂ ಈ ಅಲೆಗಳ ನೆರವು ಬೇಕು. ನಿದ್ದೆಯಲ್ಲಿ ಮೆದುಳು ತನ್ನ ಕಸ ತೊಳೆದುಕೊಳ್ಳುತ್ತದೆ ಎಂಬ ಮಾತನ್ನೂ ನೀವು ಕೇಳಿರಬಹುದು. 2013ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಿಂದ ಅದು ಜನಪ್ರಿಯವಾಯಿತು. 2024ರಲ್ಲಿ ಇಲಿಗಳ ಮೇಲೆಯೇ ನಡೆದ ಇನ್ನೊಂದು ಅಧ್ಯಯನ ಅದಕ್ಕೆ ವಿರುದ್ಧ ಫಲಿತಾಂಶ ಕೊಟ್ಟಿತು. ವಾಟ್ಸ್‌ಆ್ಯಪ್‌ನಲ್ಲಿ ಕಾಣುವಷ್ಟು ಖಚಿತ ಸಂಗತಿ ಅದಲ್ಲ.

ಹರೆಯದವರ ಒಟ್ಟು ನಿದ್ದೆಯಲ್ಲಿ ಸುಮಾರು ಐದನೇ ಒಂದು ಭಾಗ ಗಾಢ ನಿದ್ದೆ. ಅದರಲ್ಲಿ ಹೆಚ್ಚಿನದು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲೇ ಮುಗಿಯುತ್ತದೆ. ವಯಸ್ಸಾದಂತೆ ಅದು ಇಳಿಯುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಈ ಇಳಿಕೆ ಹೆಚ್ಚು. ಹಾಗಾಗಿ ಅರವತ್ತು ದಾಟಿದವರು ಇಪ್ಪತ್ತರ ನಿದ್ದೆ ಬೇಕೆಂದು ಹಂಬಲಿಸುವುದು ಇಪ್ಪತ್ತರ ಕೂದಲು ಬೇಕೆಂದಷ್ಟೇ ವ್ಯರ್ಥ. ಆದರೆ ಕೈಲಿರುವಷ್ಟನ್ನು ಕೆಡಿಸಿಕೊಳ್ಳದೆ ಇರಬಹುದು. ಅದಕ್ಕೆ ಗಾಢ ನಿದ್ದೆ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು.

1964ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ 17 ವರ್ಷದ ರ‍್ಯಾಂಡಿ ಗಾರ್ಡ್ನರ್ ಎಂಬ ಹುಡುಗ 264 ಗಂಟೆ ನಿದ್ದೆಗೆಟ್ಟು ದಾಖಲೆ ಮಾಡಿದ. ನಂತರ ಮಲಗಿದವನು ಎದ್ದದ್ದು 14 ಗಂಟೆಗಳ ಮೇಲೆ. ಕಳೆದುಕೊಂಡ ಹನ್ನೊಂದು ದಿನಗಳ ನಿದ್ದೆಯನ್ನು ಅವನ ಮೆದುಳು ಪೂರ್ತಿ ವಾಪಸು ಕೇಳಲೇ ಇಲ್ಲ. ಮುಂದಿನ ರಾತ್ರಿಗಳಲ್ಲಿ ಹೆಚ್ಚಾಗಿ ವಸೂಲು ಮಾಡಿಕೊಂಡದ್ದು ಗಾಢ ನಿದ್ದೆಯ ಪಾಲನ್ನು. ಎಚ್ಚರವಿದ್ದಷ್ಟು ಹೊತ್ತೂ ನಿದ್ದೆಯ ಒತ್ತಡ ಏರುತ್ತದೆ, ಗಾಢ ನಿದ್ದೆಯಲ್ಲಿ ಇಳಿಯುತ್ತದೆ. 1982ರಲ್ಲಿ ಜ್ಯೂರಿಕ್‌ನ ನಿದ್ರಾ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ ಇದನ್ನು ಒಂದು ಸಿದ್ಧಾಂತವಾಗಿ ಮಂಡಿಸಿದರು. ಒಳಗಿನ ಗಡಿಯಾರ ನಿದ್ದೆಯ ಹೊತ್ತನ್ನು ಹೇಳಿದರೆ, ಈ ಒತ್ತಡ ಅದರ ಆಳವನ್ನು ನಿರ್ಧರಿಸುತ್ತದೆ. ಇದು ಹಸಿವಿನಂತೆ. ಸಂಜೆ ಐದಕ್ಕೆ ತಟ್ಟೆ ತುಂಬ ಬೋಂಡ ತಿಂದವರಿಗೆ ರಾತ್ರಿಯೂಟ ಸೇರುವುದಿಲ್ಲ. ಸಂಜೆ ಐದರವರೆಗೆ ಮಲಗಿದವರಿಗೆ ರಾತ್ರಿ ನಿದ್ದೆ ಸೇರುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಇಪ್ಪತ್ತು ನಿಮಿಷದ ಜೊಂಪಿಗೆ ಅಡ್ಡಿಯಿಲ್ಲ.

ಈ ಒತ್ತಡದಲ್ಲಿ ಅಡಿನೋಸಿನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಎಚ್ಚರವಿದ್ದಂತೆ ಅದು ಮೆದುಳಿನಲ್ಲಿ ಹೆಚ್ಚುತ್ತದೆ. ಕಾಫಿಯ ಕೆಫೀನ್ ಅದನ್ನು ಕಡಿಮೆ ಮಾಡುವುದಿಲ್ಲ, ಅದು ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಕುಡಿದ ಐದಾರು ಗಂಟೆಯ ನಂತರವೂ ಅರ್ಧದಷ್ಟು ಕೆಫೀನ್ ಮೈಯಲ್ಲಿ ಉಳಿದಿರಬಹುದು. 2013ರ ಒಂದು ಪ್ರಯೋಗದಲ್ಲಿ 400 ಮಿಲಿಗ್ರಾಂ ಕೆಫೀನನ್ನು, ಸುಮಾರು ನಾಲ್ಕು ಕಪ್ ಕಾಫಿಯಲ್ಲಿರುವಷ್ಟನ್ನು, ಮಲಗುವ ಆರು ಗಂಟೆ ಮೊದಲು ಕೊಟ್ಟಾಗಲೂ ಒಂದು ಗಂಟೆಗೂ ಹೆಚ್ಚು ನಿದ್ದೆ ಖೋತಾ ಆಯಿತು. 'ನಾನು ಕಾಫಿ ಕುಡಿದೇ ಮಲಗೋದು, ನನಗೇನೂ ಆಗಲ್ಲ' ಎನ್ನುವವರು ನಮ್ಮಲ್ಲಿ ಮನೆಗೊಬ್ಬರು. ಅವರಿಗೆ ನಿದ್ದೆ ಹತ್ತುವುದು ನಿಜ. ಆ ನಿಧಾನದ ಅಲೆಗಳು ಕುಗ್ಗಿರುವುದು ಅವರಿಗೆ ಗೊತ್ತಾಗುವುದಿಲ್ಲ.

ಮದ್ಯದ್ದು ಬೇರೆ ಬಗೆಯ ಮೋಸ. ಮೊದಲರ್ಧ ರಾತ್ರಿ ಆಳವಾಗಿ ಕೆಡವಿ, ಉಳಿದರ್ಧದಲ್ಲಿ ಮತ್ತೆ ಮತ್ತೆ ಎಬ್ಬಿಸುತ್ತದೆ. ಅಲ್ಪ್ರಜೋಲಂ ಜಾತಿಯ ಮಾತ್ರೆಗಳು ನಿದ್ದೆ ತರಿಸುತ್ತವೆ, ಆದರೆ ಗಾಢ ನಿದ್ದೆಯನ್ನೇ ಕತ್ತರಿಸುತ್ತವೆ. ಹಾಗೆಂದು ದಿನವೂ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ಅಪಾಯ; ವೈದ್ಯರನ್ನು ಕೇಳಿಯೇ ಬಿಡಬೇಕು.

ಬಿಸಿನೀರಿನ ಸ್ನಾನಕ್ಕೆ ಒಳ್ಳೆಯ ಪುರಾವೆಯಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. 40ರಿಂದ 42.5 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ, ಮಲಗುವ ಒಂದೆರಡು ಗಂಟೆ ಮೊದಲು, ಹತ್ತೇ ನಿಮಿಷ ಮಿಂದರೂ ನಿದ್ದೆ ಬೇಗ ಹತ್ತುತ್ತದೆ. ಬಿಸಿನೀರಿಗೆ ಅಂಗೈ ಅಂಗಾಲುಗಳ ರಕ್ತನಾಳಗಳು ಹಿಗ್ಗಿ, ಒಳಗಿನ ಶಾಖವನ್ನು ಹೊರಗೆ ಬಿಡುತ್ತವೆ. ಹೀಗೆ ಮೈಯೊಳಗಿನ ತಾಪ ಇಳಿಯುವುದೇ ಮೆದುಳಿಗೆ ನಿದ್ದೆಯ ಸೂಚನೆ. ಮಲೆನಾಡಿನಲ್ಲಿ ತೋಟದಿಂದ ಬಂದವರು ಸಂಜೆ ಹಂಡೆಯ ಬಿಸಿನೀರು ಮೀಯುವುದು ಕೊಳೆ ತೊಳೆಯಲಿಕ್ಕೆ. ದಣಿದ ಮೈಗೆ ಈ ಲಾಭ ಪುಕ್ಕಟೆ.

ದೇಹಶ್ರಮವೂ ಗಾಢ ನಿದ್ದೆಯನ್ನು ಹೆಚ್ಚಿಸುತ್ತದೆ, ಆದರೆ ಕೊಂಚವೇ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ವಿಪಶ್ಯನ ಧ್ಯಾನ ಮಾಡುವ ಮಧ್ಯವಯಸ್ಕರ ಇಇಜಿ ನೋಡಿದಾಗ, ಧ್ಯಾನ ಮಾಡದ ಅದೇ ವಯಸ್ಸಿನವರಿಗಿಂತ ಅವರಲ್ಲಿ ನಿಧಾನದ ಅಲೆಗಳ ನಿದ್ದೆ ಹೆಚ್ಚು ಉಳಿದಿತ್ತು. ವರ್ಷಗಟ್ಟಲೆ ಧ್ಯಾನ ಮಾಡುವವರ ಉಳಿದ ಬದುಕೂ ಶಿಸ್ತಿನದೇ ಇರಬಹುದು. ಆದ್ದರಿಂದ ಧ್ಯಾನವೊಂದೇ ಇದಕ್ಕೆ ಕಾರಣ ಎನ್ನುವಂತಿಲ್ಲ.

ನಿದ್ದೆ ಸಾಲದವರು ಸಾಮಾನ್ಯವಾಗಿ ಮಾಡುವ ಕೆಲಸ ಬೇಗ ಹಾಸಿಗೆ ಸೇರುವುದು. ಒಂಬತ್ತು ಗಂಟೆ ಮಲಗಿ ಆರು ಗಂಟೆ ನಿದ್ದೆ ಮಾಡಿ, ಮೂರು ಗಂಟೆ ಹೊರಳಾಡುತ್ತಾರೆ. 1987ರಲ್ಲಿ ನಿದ್ರಾತಜ್ಞ ಆರ್ಥರ್ ಸ್ಪೀಲ್ಮನ್ ಇದಕ್ಕೆ ಉಲ್ಟಾ ಹಾದಿ ಹಿಡಿದರು: ಹಾಸಿಗೆಯ ಅವಧಿಯನ್ನೇ ಮೊಟಕು ಮಾಡಿ, ನಿದ್ದೆ ಗಟ್ಟಿಯಾದ ಮೇಲೆ ತುಸುತುಸುವೇ ಹೆಚ್ಚಿಸುವುದು. ಮೊದಲ ವಾರ ಹಿಂಸೆಯೇ ಸರಿ, ಚಾಲಕರಂಥವರಿಗೆ ಅಪಾಯವೂ ಹೌದು. ತಜ್ಞರ ನಿಗಾದಲ್ಲೇ ಮಾಡಬೇಕು. ಈ ವಿಧಾನವನ್ನೂ ಒಳಗೊಂಡ ವರ್ತನಾ ಚಿಕಿತ್ಸೆಯನ್ನೇ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಶಿಫಾರಸು ಮಾಡಿದೆ.

ಬೆಳಗಾಗೆದ್ದು ಕೈಗಡಿಯಾರದ ಆ್ಯಪ್‌ನಲ್ಲಿ 'ಡೀಪ್ ಸ್ಲೀಪ್ 42 ನಿಮಿಷ' ಎಂದು ನೋಡಿ ಕಂಗಾಲಾಗಬೇಡಿ. ಅದು ನಿಮ್ಮ ಕೈಯ ಚಲನೆ, ನಾಡಿಬಡಿತ ನೋಡಿ ಊಹಿಸುತ್ತದೆಯೇ ಹೊರತು ಮೆದುಳಿನ ಅಲೆಗಳನ್ನು ಕಂಡಿಲ್ಲ. ಹಗಲಲ್ಲಿ ತೂಕಡಿಕೆಯಿಲ್ಲದೆ ಲವಲವಿಕೆಯಿಂದ ಇದ್ದೀರಿ ಎಂದರೆ ಆ ಅಂಕಿಯನ್ನು ಮರೆಯಬಹುದು. ಆದರೆ ಜೋರು ಗೊರಕೆಯ ನಡುವೆ ಉಸಿರು ನಿಂತು, ಏದುಸಿರು ಬಿಟ್ಟು ಏಳುತ್ತೀರಿ ಎಂದು ಪಕ್ಕದಲ್ಲಿ ಮಲಗಿದವರು ಹೇಳಿದರೆ ನಕ್ಕು ಬಿಡಬೇಡಿ. ಅದು ಸ್ಲೀಪ್ ಆ್ಯಪ್ನಿಯಾ ಇರಬಹುದು. ಕಾಫಿ ಬಿಟ್ಟರೂ, ಬಿಸಿನೀರು ಮಿಂದರೂ ಅದು ಹೋಗುವುದಿಲ್ಲ, ವೈದ್ಯರಲ್ಲಿಗೇ ಹೋಗಬೇಕು.