ಕಾರಿನ ನಡುಕಕ್ಕೆ ನಿದಾನ

ವೈದ್ಯನು ನಾಡಿಯನ್ನು ನೋಡಿದ ಮೇಲೆಯೇ ಔಷಧವನ್ನು ಕೊಡುವನು. ಕಾರಿಗೂ ಒಂದು ನಾಡಿಯುಂಟು. ಅದು ಚಾಲಕನ ಕೈಯಲ್ಲಿರುವ ಸ್ಟಿಯರಿಂಗು. ಗೃಹಸ್ಥರಾದವರು ಅದರ ಮಿಡಿತವನ್ನು ತಿಳಿದಿರುವುದು ಲೇಸು.

ಕಳೆದ ಮಳೆಗಾಲದಲ್ಲಿ ನಾವು ಬೈರಕೂರಿನಿಂದ ಕೋಲಾರಕ್ಕೆ ಸಕುಟುಂಬರಾಗಿ ಹೊರಟಿದ್ದೆವು. ಮುಳಬಾಗಿಲನ್ನು ದಾಟಿ ಹೆದ್ದಾರಿಯಲ್ಲಿ ವೇಗವು ಗಂಟೆಗೆ 80 ಕಿಲೋಮೀಟರನ್ನು ಮುಟ್ಟುತ್ತಲೇ ಸ್ಟಿಯರಿಂಗು ನಡುಗತೊಡಗಿತು. 60ಕ್ಕೆ ಇಳಿಸಲು ನಡುಕವು ನಿಂತಿತು. ನಾವು ರಸ್ತೆಯನ್ನು ದೂಷಿಸಿ ಸುಮ್ಮನಾದೆವು. ಮೂರು ವಾರಗಳ ತರುವಾಯ ಮೆಕ್ಯಾನಿಕನು ಮುಂದಿನ ಚಕ್ರವನ್ನು ಕಳಚಿದಾಗ, ಅದರ ಒಳಮೈಯಲ್ಲಿ ಹೊಲದ ದಾರಿಯ ಕೆಸರು ಒಂದೇ ಕಡೆ ಹೆಪ್ಪುಗಟ್ಟಿ ಒಣಗಿದ್ದಿತು. ನಡುಕಕ್ಕೆ ಕಾರಣವು ಅದೇ. ಆದರೆ ಆತನು ಇನ್ನೊಂದನ್ನೂ ತೋರಿಸಿದನು: ಚಕ್ರವನ್ನು ಸ್ಟಿಯರಿಂಗಿಗೆ ಜೋಡಿಸುವ ಟೈ ರಾಡಿನ ತುದಿಯ ಕೀಲು ಸವೆದು ಸಡಿಲವಾಗಿದ್ದಿತು. ಅದು ಕಳಚಿದ್ದರೆ ಆ ಚಕ್ರವು ನಮ್ಮ ಅಂಕೆಗೆ ಸಿಕ್ಕುತ್ತಿರಲಿಲ್ಲ. ಅಂದು ಹಿಂದಿನ ಆಸನದಲ್ಲಿ ಮೊಮ್ಮಕ್ಕಳು ನಿದ್ರಿಸುತ್ತಿದ್ದುದು ಆಗ ನೆನಪಿಗೆ ಬಂದಿತು.

ಆದುದರಿಂದ ನಡುಕವು ಯಾವಾಗ ಬರುವುದೆಂಬುದನ್ನು ಮೊದಲು ಗಮನಿಸತಕ್ಕದ್ದು. ಒಂದು ಗೊತ್ತಾದ ವೇಗದಲ್ಲಿ ಮಾತ್ರ ಬಂದರೆ, ಪ್ರಾಯಶಃ ಚಕ್ರದ ತೂಕವು ಸುತ್ತಲೂ ಸಮನಾಗಿಲ್ಲ. ಕೈಗೆ ತಿಳಿದರೆ ಮುಂದಿನ ಚಕ್ರವನ್ನೂ, ಆಸನಕ್ಕೆ ತಿಳಿದರೆ ಹಿಂದಿನದನ್ನೂ ಶಂಕಿಸಬೇಕು. ಬ್ರೇಕನ್ನು ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ತಟ್ಟೆಯ ದಪ್ಪವು ಏರುಪೇರಾಗಿರಬಹುದು. ಕಾರು ಒಂದು ಪಕ್ಕಕ್ಕೆ ಎಳೆದರೆ, ಟೈರುಗಳ ಗಾಳಿಯಲ್ಲಿ ವ್ಯತ್ಯಾಸವೋ, ಚಕ್ರಗಳ ಕೋನ ತಪ್ಪಿರುವುದೋ, ಒಂದು ಬ್ರೇಕು ಬಿಡದೆ ಹಿಡಿದಿರುವುದೋ ಕಾರಣವು. ಸ್ಟಿಯರಿಂಗು ಭಾರವಾದರೆ ಮೊದಲು ಗಾಳಿಯನ್ನು, ಅನಂತರ ಪವರ್ ಸ್ಟಿಯರಿಂಗಿನ ಎಣ್ಣೆಯನ್ನು ನೋಡತಕ್ಕದ್ದು. ವಿದ್ಯುತ್ತಿನಿಂದ ನಡೆಯುವುದಾದರೆ ಎಚ್ಚರಿಕೆಯ ದೀಪವನ್ನು ಗಮನಿಸತಕ್ಕದ್ದು. ಕೈ ತಿರುಗಿದರೂ ಚಕ್ರವು ತಡವಾಗಿ ತಿರುಗಿದರೆ ಕೀಲುಗಳು ಸವೆದಿರಬಹುದು. ಅಂಥ ಕಾರನ್ನು ಪರೀಕ್ಷಿಸದೆ ದೂರಪ್ರಯಾಣಕ್ಕೆ ಒಯ್ಯಬಾರದು.

ಮನೆಯಲ್ಲಿಯೇ ಮಾಡಬಹುದಾದುದೂ ಉಂಟು. ತಿಂಗಳಿಗೊಮ್ಮೆ, ಟೈರುಗಳು ತಣ್ಣಗಿರುವಾಗ, ಗಾಳಿಯನ್ನು ಅಳೆಯಿರಿ. ಇರಬೇಕಾದ ಪ್ರಮಾಣವು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಬರೆದಿರುವುದು. ಟೈರಿನ ಪಕ್ಕದಲ್ಲಿ ಬಾವು ಕಂಡರೆ ಅದನ್ನು ಬದಲಿಸಿರಿ. ನಡುಕವು ಹಠಾತ್ತಾಗಿ ಪ್ರಬಲವಾದರೆ ಮೆಲ್ಲನೆ ರಸ್ತೆಯ ಅಂಚಿಗೆ ನಿಲ್ಲಿಸಿ ಚಕ್ರದ ನಟ್ಟುಗಳನ್ನು ನೋಡಿರಿ.

ತಪ್ಪು ಸಣ್ಣದಾಗಿರುವಾಗಲೇ ತಿದ್ದಬೇಕೆಂದು ನಾವು ವಿದ್ಯಾರ್ಥಿಗಳಿಗೆ ಬಹುಕಾಲ ಬೋಧಿಸಿದೆವು. ಆ ಪಾಠವನ್ನು ಮೂರು ವಾರ ಮರೆತವರು ನಾವೇ. ವಾಚಕರು ಹಾಗೆ ಮರೆಯದಿರಲಿ.