ಸುರ್ಮಾ ಕಲ್ಲಿನಲ್ಲಿ ಇರುವುದೇನು?

ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜಿ, ಕರವಸ್ತ್ರದಲ್ಲಿ ಸುತ್ತಿದ ಕಲ್ಲೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಹಜ್ಜ್‌ಗೆ ಹೋದ ಸಂಬಂಧಿಕರು ತಂದುಕೊಟ್ಟ ಸುರ್ಮಾ ಕಲ್ಲು. ಅದನ್ನು ಅರೆದು ಆರು ತಿಂಗಳ ಮೊಮ್ಮಗನ ಕಣ್ಣಿಗೆ ಹಚ್ಚುತ್ತಿದ್ದರಂತೆ. ಸೊಸೆಗೆ ಯಾಕೋ ಸಂಶಯ. “ಇದು ಅಸಲಿ ಇಸ್ಮಿದ್ ತಾನೇ? ನೀವು ಕಿತಾಬೂ ಓದಿದವರು, ಕಾಲೇಜೂ ಕಂಡವರು. ನೀವೇ ಹೇಳಿ” ಎಂದರು.

ನಾನು ಕಲಿತದ್ದು ಬಿ.ಎ., ವಿಜ್ಞಾನವಲ್ಲ. ಹದೀಸ್‌ಗಳಲ್ಲಿ ಇಸ್ಮಿದ್‌ನ ಪ್ರಸ್ತಾಪ ಇರುವುದು ಗೊತ್ತಿತ್ತು, ಕಲ್ಲಿನ ಗುರುತು ಗೊತ್ತಿರಲಿಲ್ಲ. ವಿಜ್ಞಾನದ ಶಿಕ್ಷಕಿಯನ್ನು ಕರೆದೆ.

ಸುರ್ಮಾ ಎಂಬ ಹೆಸರಿನಲ್ಲಿ ಎರಡು ಖನಿಜಗಳು ಬೆರೆತುಹೋಗಿವೆ. ಒಂದು ಸ್ಟಿಬ್ನೈಟ್, ಆಂಟಿಮನಿ ಮತ್ತು ಗಂಧಕದ ಸಂಯುಕ್ತ. ಇಸ್ಮಿದ್ ಎಂದರೆ ಇದೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇನ್ನೊಂದು ಗೆಲೀನಾ, ಸೀಸ ಮತ್ತು ಗಂಧಕದ ಸಂಯುಕ್ತ. ಶುದ್ಧ ಗೆಲೀನಾದ ತೂಕದಲ್ಲಿ ಶೇ. 86ಕ್ಕಿಂತ ಹೆಚ್ಚು ಭಾಗ ಸೀಸವೇ. ಎರಡೂ ಬೂದು ಬಣ್ಣದವು, ಲೋಹದಂತೆ ಮಿನುಗುತ್ತವೆ. ಒರಟು ಬಿಲ್ಲೆಯ ಮೇಲೆ ಉಜ್ಜಿದರೆ ಬೀಳುವ ಗೆರೆಯೂ ಒಂದೇ ಬೂದು ಬಣ್ಣ. ಬಣ್ಣ ನೋಡಿ “ಅಸಲಿ” ಎನ್ನುವ ಅಂಗಡಿಯವನ ಮಾತಿಗೆ ಬೆಲೆಯಿಲ್ಲ.

ವ್ಯತ್ಯಾಸ ಕಾಣುವುದು ಕಲ್ಲು ಒಡೆದಾಗ. ಗೆಲೀನಾ ಸಕ್ಕರೆ ಅಚ್ಚಿನ ಹಾಗೆ ಚೌಕ ಚೌಕ ತುಂಡುಗಳಾಗಿ, ಮೆಟ್ಟಿಲಿನಂಥ ಅಂಚುಗಳೊಂದಿಗೆ ಒಡೆಯುತ್ತದೆ. ಸ್ಟಿಬ್ನೈಟ್ ಸೂಜಿಯಂತೆ, ಬ್ಲೇಡಿನಂತೆ ಉದ್ದುದ್ದ ಎಳೆಗಳಾಗಿರುತ್ತದೆ; ಉಗುರಿನಿಂದ ಗೀರಬಹುದಾದಷ್ಟು ಮೆದು.

ಇನ್ನೂ ನಂಬಿಕಸ್ಥ ಗುರುತು ತೂಕ. ಒಂದೇ ಗಾತ್ರದ ನೀರಿಗಿಂತ ಗೆಲೀನಾ ಸುಮಾರು ಏಳೂವರೆ ಪಟ್ಟು ಭಾರ, ಸ್ಟಿಬ್ನೈಟ್ ಸುಮಾರು 4.6 ಪಟ್ಟು ಮಾತ್ರ. ಈ ವಿದ್ಯೆ ನಮಗೆ ಹೊಸತಲ್ಲ. ಅಲ್‌ಬೀರೂನಿ (973-1048) ಅಂಚಿನವರೆಗೆ ನೀರು ತುಂಬಿದ ಪಾತ್ರೆಗೆ ಹರಳು, ಲೋಹಗಳನ್ನು ಇಳಿಸಿ, ಕೊಳವೆಯಿಂದ ಹೊರಚೆಲ್ಲಿದ ನೀರನ್ನು ತೂಗಿ ಒಂದರಿಂದೊಂದನ್ನು ಬೇರ್ಪಡಿಸಿದ್ದರು. ಮದ್ರಸದಲ್ಲಿ ಅವರ ಹೆಸರು ಕೇಳಿದ್ದೆ, ಪಾತ್ರೆಯ ವಿಷಯ ಯಾರೂ ಹೇಳಿರಲಿಲ್ಲ!

ನಾವು ಶಾಲೆಯ ಸ್ಪ್ರಿಂಗ್ ತಕ್ಕಡಿಗೆ ಕಲ್ಲನ್ನು ದಾರದಲ್ಲಿ ಕಟ್ಟಿ ತೂಗಿದೆವು: 148 ಗ್ರಾಂ. ನೀರಿನಲ್ಲಿ ಮುಳುಗಿಸಿ ತೂಗಿದಾಗ 128. ಕಡಿಮೆಯಾದದ್ದು 20 ಗ್ರಾಂ. 148ನ್ನು 20ರಿಂದ ಭಾಗಿಸಿದರೆ 7.4. ಒಡೆದ ಮೂಲೆಯಲ್ಲಿ ಸಣ್ಣ ಚೌಕಗಳೂ ಕಂಡವು. ಸೀಸದ ಕಲ್ಲೇ.

ಆಮ್ಲ ಹಾಕಿ ನೋಡುವುದು, ಬೆಂಕಿಗೆ ಹಿಡಿಯುವುದು ಮನೆಯಲ್ಲಿ ಬೇಡ. ಹೊರಡುವ ಹೊಗೆ, ಅನಿಲ ಎರಡೂ ಕೆಟ್ಟವು. ಸುರ್ಮಾ ಕಲ್ಲು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ, ಅದನ್ನು ಅರೆದ ಒರಳನ್ನು ಅಡುಗೆಗೆ ಬಳಸಬೇಡಿ. ಪುಡಿಯಾಗಿ ಶೀಶೆಯಲ್ಲಿ ಬರುವ ಸುರ್ಮಾದಲ್ಲಂತೂ ಅಂಚೂ ಇಲ್ಲ, ಎಳೆಯೂ ಇಲ್ಲ, ಪ್ರಯೋಗಾಲಯವೊಂದೇ ದಾರಿ. ಇನ್ನು, ಸ್ಟಿಬ್ನೈಟ್ ಎಂದು ತಿಳಿದ ಮಾತ್ರಕ್ಕೆ ಮಗುವಿಗೆ ನಿರಪಾಯ ಎಂದಲ್ಲ. ಆಂಟಿಮನಿಯೂ ವಿಷವೇ.

ಮಗು ಕಣ್ಣುಜ್ಜಿದ ಕೈಯನ್ನೇ ಬಾಯಿಗಿಡುತ್ತದೆ. ಸೀಸ ಒಳಹೋಗುವುದು ಮುಖ್ಯವಾಗಿ ಹೀಗೆ. ಅದು ರಕ್ತಹೀನತೆಗೆ ಕಾರಣವಾಗುತ್ತದೆ, ಬೆಳೆಯುವ ಮೆದುಳಿಗೆ ಹಾನಿ ಮಾಡುತ್ತದೆ. ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತದ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಕಂಡರೆ ಅದರ ಮೂಲ ಹುಡುಕಿ ತಡೆಯಬೇಕೆಂದು 2021ರ ಅದರ ಮಾರ್ಗಸೂಚಿ ಹೇಳುತ್ತದೆ.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. “ನಾನು ಪ್ರೀತಿಯಿಂದ ಹಚ್ಚಿದ್ದು” ಎಂದರು ಕೊನೆಗೆ. ಸೊಸೆ ಅವರ ಕೈ ಹಿಡಿದುಕೊಂಡಳು. ಮರುದಿನ ಇಬ್ಬರೂ ಮಗುವನ್ನೆತ್ತಿಕೊಂಡು ರಕ್ತ ಪರೀಕ್ಷೆಗೆ ಹೋದರು. ಕಲ್ಲು ಈಗ ನಮ್ಮ ಶಾಲೆಯ ಪ್ರಯೋಗಾಲಯದ ಗಾಜಿನ ಡಬ್ಬಿಯಲ್ಲಿ, ‘ಗೆಲೀನಾ’ ಎಂಬ ಚೀಟಿಯೊಂದಿಗೆ ಇದೆ.